ಸೊಂಟದ .32ಕ್ಕೆ ಜೊತೆಯಾಗಿ .22: ಮಲೆನಾಡಿನ ಲೈಸೆನ್ಸ್‌ದಾರರಿಗೆ ಅಭ್ಯಾಸದ ಸಮಗ್ರ ಮಾರ್ಗದರ್ಶಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಒಂಟಿ ಮನೆಗಳಲ್ಲಿ ವಾಸಿಸುವವರು, ಅಡಿಕೆ ವ್ಯವಹಾರದ ಹಣ ಹಿಡಿದು ಓಡಾಡುವವರು ಆತ್ಮರಕ್ಷಣೆಗೆಂದು .32 ಕ್ಯಾಲಿಬರಿನ (ಅಂದರೆ ಇಂಚಿನ ಲೆಕ್ಕದಲ್ಲಿ ಹೇಳುವ ಗುಂಡಿನ ದಪ್ಪ) ರಿವಾಲ್ವರ್ ಅಥವಾ ಪಿಸ್ತೂಲು ಇಟ್ಟುಕೊಳ್ಳುವುದುಂಟು. ನಾನು ಬಲ್ಲವರಲ್ಲಿ ಹೆಚ್ಚಿನವರು ಅದನ್ನು ಪೆಟ್ಟಿಗೆಯಿಂದ ಹೊರತೆಗೆಯುವುದು ಎಣ್ಣೆ ಒರೆಸಲು, ಇಲ್ಲವೇ ಚುನಾವಣೆ ಘೋಷಣೆಯಾದಾಗ ಠಾಣೆಗೆ ಒಪ್ಪಿಸಲು. ಗುರಿಯ ಹಾಳೆಯ ಮುಂದೆ ನಿಂತು ಈಡು ಹೊಡೆದವರು ಕಡಿಮೆ. ಇದಕ್ಕೆ ಸೋಮಾರಿತನವೊಂದೇ ಕಾರಣವಲ್ಲ. .32ರ ತೋಟಾ ದುಬಾರಿ, ಕೇಳಿದಾಗ ಸಿಗುವುದಿಲ್ಲ, ಸಿಕ್ಕರೂ ಲೈಸೆನ್ಸ್ ಪುಸ್ತಕದಲ್ಲಿ ಬರೆದಷ್ಟೇ ಕೊಳ್ಳಬಹುದು. ಇದ್ದಷ್ಟನ್ನು ಆಪತ್ಕಾಲಕ್ಕೆ ಉಳಿಸಿಕೊಳ್ಳೋಣ ಎಂದು ಮನಸ್ಸು ಹೇಳುತ್ತದೆ. ಆದರೆ ಅಭ್ಯಾಸವಿಲ್ಲದವನ ಕೈಯಲ್ಲಿರುವ ರಿವಾಲ್ವರ್‌ನಿಂದ ಎದುರಿಗಿರುವವನಿಗಿಂತ ಮನೆಯವರಿಗೇ ಹೆಚ್ಚು ಅಪಾಯ.

ಈ ಗಂಟು ಬಿಡಿಸಲು ಸಣ್ಣ ಕ್ಯಾಲಿಬರ್ ಬೇಕು. ನೂರಾರು ಸಲ ಟ್ರಿಗರ್ ಎಳೆದು ಕೈ ಪಳಗಿಸುವ ಕೆಲಸವನ್ನು .22ಕ್ಕೆ ಬಿಡಿ, ಕಲಿತದ್ದು ನಿಜವಾಗಿ ಕೈಗೆ ಬಂದಿದೆಯೇ ಎಂದು ನೋಡುವುದಕ್ಕೆ ಮಾತ್ರ .32ರ ಕೆಲವೇ ತೋಟಾಗಳನ್ನು ಖರ್ಚು ಮಾಡಿ. ಸ್ಪರ್ಧೆಯ ಶೂಟರ್‌ಗಳಿಗೆ ಇದು ಹೊಸದಲ್ಲ. 25 ಮೀಟರ್ ಸ್ಪೋರ್ಟ್ ಪಿಸ್ತೂಲು ಸ್ಪರ್ಧೆ .22ರದ್ದು, ಸೆಂಟರ್ ಫೈರ್ (ತೋಟಾದ ತಳದ ನಡುವೆ ಪಿನ್ ಬಡಿಯುವ ಬಗೆ) ಸ್ಪರ್ಧೆಯಲ್ಲಿ ಹೆಚ್ಚಿನವರು ಬಳಸುವುದು .32 ಎಸ್ ಆ್ಯಂಡ್ ಡಬ್ಲ್ಯೂ ಲಾಂಗ್ ತೋಟಾ. ಎರಡರ ಕ್ರಮವೂ ಒಂದೇ: ನಿಧಾನದ 30 ಈಡು, ವೇಗದ 30 ಈಡು. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಶೂಟರ್ ಜಸ್ಪಾಲ್ ರಾಣಾ 590 ಅಂಕ ಗಳಿಸಿ ವಿಶ್ವದಾಖಲೆ ಸರಿಗಟ್ಟಿದ್ದು ಈ ಸೆಂಟರ್ ಫೈರ್‌ನಲ್ಲಿಯೇ. .22ರಲ್ಲಿ ಪಳಗಿದ ಕೈ .32ರಲ್ಲಿಯೂ ನಡೆಯುತ್ತದೆ ಎಂಬ ನಂಬಿಕೆಯ ಮೇಲೆಯೇ ಆ ಆಟದ ತರಬೇತಿ ನಿಂತಿದೆ.

ಮೊದಲು ಕಾಗದಪತ್ರ

ಬೇರೆಲ್ಲಕ್ಕಿಂತ ಮುಂಚೆ ನಿಮ್ಮ ಮನೆಯಲ್ಲಿ ಎಷ್ಟು ಬಂದೂಕುಗಳಿವೆ ಎಂದು ಎಣಿಸಿ. 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾದ ಮೇಲೆ ಒಬ್ಬರ ಹೆಸರಿನಲ್ಲಿ ಇರಬಹುದಾದದ್ದು ಎರಡೇ. ಮೊದಲು ಮೂರಕ್ಕೆ ಅವಕಾಶವಿತ್ತು. ಅಜ್ಜನಿಂದ ಬಂದ ಕೋವಿಯೂ ಈ ಎರಡರ ಲೆಕ್ಕದಲ್ಲಿಯೇ ಸೇರುತ್ತದೆ. ಮಲೆನಾಡಿನವರು ಎಡವುವುದು ಇಲ್ಲಿಯೇ. ತೋಟದ ಮನೆಯಲ್ಲಿ ಜೋಡಿ ನಳಿಗೆಯ ಕೋವಿ ಒಂದು, ಸೊಂಟಕ್ಕೆ .32 ಒಂದು ಇದ್ದರೆ ಅಲ್ಲಿಗೆ ಮುಗಿಯಿತು; .22 ಪಿಸ್ತೂಲನ್ನು ಸ್ವಂತಕ್ಕೆ ಕೊಳ್ಳುವ ದಾರಿ ಸಾಮಾನ್ಯವಾಗಿ ಮುಚ್ಚಿದಂತೆ.

ಹಾಗಾಗಿ ನಿಮ್ಮ ಮುಂದಿರುವ ದಾರಿಗಳು ಹೀಗಿವೆ. ಒಂದು ಜಾಗ ಖಾಲಿ ಇದ್ದರೆ ಜಿಲ್ಲಾಧಿಕಾರಿ ಕಚೇರಿಗೆ .22 ಸೇರಿಸಿಕೊಡಲು ಅರ್ಜಿ ಹಾಕಬಹುದು. ಖಾಲಿ ಇಲ್ಲದಿದ್ದರೆ ರೈಫಲ್ ಕ್ಲಬ್‌ನ ಸದಸ್ಯರಾಗಿ ಅಲ್ಲಿಯ .22ರಲ್ಲಿ ಅಭ್ಯಾಸ ಮಾಡಬಹುದು. ಎರಡೂ ಆಗದಿದ್ದರೆ .177 ಏರ್ ಪಿಸ್ತೂಲು ಇದೆ. ಅದರ ಗುಂಡಿನ ಶಕ್ತಿ 20 ಜೂಲ್ ಮೀರದಿದ್ದರೆ, ಕ್ಯಾಲಿಬರ್ .177 ದಾಟದಿದ್ದರೆ ಲೈಸೆನ್ಸ್ ಬೇಕಿಲ್ಲ; ಕೊಳ್ಳುವಾಗ ಗುರುತಿನ ದಾಖಲೆ ಕೊಡಬೇಕು. ಏರ್ ಪಿಸ್ತೂಲೆಂದರೆ ಮಕ್ಕಳಾಟಿಕೆ ಎಂದು ಮೂಗು ಮುರಿಯಬೇಡಿ. ಅದರ ಬಗ್ಗೆ ಮುಂದೆ ಬೇರೆಯಾಗಿಯೇ ಬರೆದಿದ್ದೇನೆ.

ಬೆಳೆ ರಕ್ಷಣೆಯ ಲೈಸೆನ್ಸ್ ಇರುವುದು ಕೋವಿಗೆ. ಅದನ್ನು ತೋರಿಸಿ ಪಿಸ್ತೂಲು ಕೇಳುವುದು ವ್ಯರ್ಥ. ಇನ್ನೊಂದು ಮಾತು: 9 ಎಂ.ಎಂ. ಮತ್ತು .38 ನಮ್ಮಲ್ಲಿ ಸಾರ್ವಜನಿಕರಿಗೆ ನಿಷೇಧಿತ ಬೋರ್‌ಗಳು (ನಳಿಗೆಯ ಅಳತೆಗಳು). ವಿದೇಶದ ವಿಡಿಯೊಗಳಲ್ಲಿ 9 ಎಂ.ಎಂ. ಇಟ್ಟುಕೊಂಡವರಿಗೆ ಹೇಳುವ ಸಲಹೆಗಳನ್ನು ನಮ್ಮ .32ಕ್ಕೆ ಯಥಾವತ್ತಾಗಿ ಅನ್ವಯಿಸಬೇಡಿ.

ಜಾಗ: ತೋಟದಲ್ಲಿ ಬೇಡವೇ ಬೇಡ

ಮನೆಯ ಹಿಂದೆ ಹತ್ತು ಎಕರೆ ತೋಟವಿದೆ, ಆಚೆಗೆ ಗುಡ್ಡವಿದೆ, ಅಲ್ಲೇ ಹೊಡೆದರೆ ಯಾರಿಗೇನು ಎಂದು ಕೇಳುವವರಿದ್ದಾರೆ. .22 ಸಣ್ಣದು ಎಂಬ ಭಾವನೆಯೇ ಅಪಾಯದ ಮೂಲ. ಅದರ ಗುಂಡು ಒಂದು ಕಿಲೋಮೀಟರಿಗಿಂತ ದೂರ ಹೋಗಬಲ್ಲದು. ಅಡಿಕೆ ಮರದ ಕಾಂಡವನ್ನು ತಡೆಗೋಡೆಯೆಂದು ನಂಬುವಂತಿಲ್ಲ. ಜಂಬಿಟ್ಟಿಗೆಯ ಧರೆಗೆ, ಕರಿಕಲ್ಲಿಗೆ, ಕೆರೆಯ ನೀರಿಗೆ ಓರೆಯಾಗಿ ತಾಗಿದ ಗುಂಡು ಚಿಮ್ಮಿ ಎತ್ತ ಬೇಕಾದರೂ ಹಾರುತ್ತದೆ. ಕೆಳಗಿನ ತೋಟದಲ್ಲಿ ಕೊನೆ ತೆಗೆಯುವವರು ಇರುತ್ತಾರೆ, ಸೊಪ್ಪು ತರಲು ಬೆಟ್ಟಕ್ಕೆ ಹೋದವರು ಇರುತ್ತಾರೆ. ಮರಗಳ ನಡುವೆ ಅವರು ನಿಮಗೆ ಕಾಣುವುದಿಲ್ಲ. ಇದರ ಜೊತೆಗೆ ನಮ್ಮ ಸುತ್ತ ಇರುವುದು ಮೀಸಲು ಅರಣ್ಯ, ಶೆಟ್ಟಿಹಳ್ಳಿ ಮತ್ತು ಶರಾವತಿ ಕಣಿವೆಯ ಅಭಯಾರಣ್ಯ. ಅಲ್ಲಿ ಈಡಿನ ಸದ್ದು ಕೇಳಿದರೆ ಅರಣ್ಯ ಇಲಾಖೆಯವರು ಬೇಟೆಯೆಂದೇ ತಿಳಿಯುತ್ತಾರೆ, ತಿಳಿಯಬೇಕಾದದ್ದೂ ಹಾಗೆಯೇ.

ಅಧಿಕೃತ ಶೂಟಿಂಗ್ ರೇಂಜಿಗೆ ಹೋಗಿ. ಜಿಲ್ಲಾ ಪೊಲೀಸರು ಆಗಾಗ ನಡೆಸುವ ನಾಗರಿಕ ಬಂದೂಕು ತರಬೇತಿಗೆ ಪ್ರಕಟಣೆ ಬಂದಾಗ ತಪ್ಪದೆ ಅರ್ಜಿ ಹಾಕಿ. ಶಿಸ್ತು ಕಲಿಯಲು ಅದಕ್ಕಿಂತ ಒಳ್ಳೆಯ ಆರಂಭ ನನಗೆ ಗೊತ್ತಿಲ್ಲ. ರೇಂಜಿಗೆ ಒಯ್ಯುವಾಗ ಆಯುಧ ಖಾಲಿ ಇರಲಿ, ತೋಟಾ ಬೇರೆ ಪೆಟ್ಟಿಗೆಯಲ್ಲಿರಲಿ, ಲೈಸೆನ್ಸ್ ಪುಸ್ತಕ ಜೊತೆಗಿರಲಿ. ಎಷ್ಟು ತೋಟಾ ಖರ್ಚಾಯಿತು ಎಂಬುದಕ್ಕೆ ರೇಂಜಿನಿಂದ ಬರಹದಲ್ಲಿ ಚೀಟಿ ಪಡೆಯಿರಿ, ಖಾಲಿ ತೋಟಾಗಳನ್ನು ಎತ್ತಿಡಿ. ಮುಂದೆ ಲೆಕ್ಕ ಕೇಳಿದಾಗ ಮಾತಿಗಿಂತ ಕಾಗದ ಕೆಲಸಕ್ಕೆ ಬರುತ್ತದೆ.

ಯಾವ .22?

ನಿಮ್ಮ ಸೊಂಟದ ಆಯುಧಕ್ಕೆ ಆದಷ್ಟು ಹತ್ತಿರದ್ದು. ಅದು ರಿವಾಲ್ವರ್ ಆಗಿದ್ದರೆ .22 ಕೂಡ ರಿವಾಲ್ವರ್ ಆಗಿರುವುದು ಉತ್ತಮ, ಪಿಸ್ತೂಲಾಗಿದ್ದರೆ ಪಿಸ್ತೂಲು. ಕಾರಣ ಟ್ರಿಗರ್. ಸ್ಪರ್ಧೆಯ .22 ಪಿಸ್ತೂಲಿನ ಟ್ರಿಗರ್‌ಗೆ ನಿಯಮದ ಪ್ರಕಾರ ಕನಿಷ್ಠ 1 ಕಿಲೋ ಭಾರ ಸಾಕು. ಹ್ಯಾಮರ್ (ಪಿನ್ ಬಡಿಸುವ ಹಿಂದಿನ ಸುತ್ತಿಗೆ) ಎಳೆಯದೆ ನೇರವಾಗಿ ಹೊಡೆಯುವ ರಿವಾಲ್ವರ್‌ನಲ್ಲಿ ಅದು ನಾಲ್ಕೈದು ಕಿಲೋ ಇರುವುದು ಸಾಮಾನ್ಯ, ಎಳೆಯಬೇಕಾದ ದೂರವೂ ಹೆಚ್ಚು. ಹಗುರ ಟ್ರಿಗರ್‌ನಲ್ಲಿ ಗುಂಡಿನ ತೂತುಗಳ ಚೆಂದದ ಗುಂಪು ಮೂಡಿಸಿದವರು ರಿವಾಲ್ವರ್ ಹಿಡಿದ ಕೂಡಲೇ ಹಾಳೆಯ ಅಂಚಿಗೆ ಹೊಡೆಯುವುದನ್ನು ಬೇಕಾದಷ್ಟು ನೋಡಿದ್ದೇನೆ. ಕ್ಲಬ್‌ನಲ್ಲಿ ಸಿಗುವುದು ಸ್ಪರ್ಧೆಯ ಪಿಸ್ತೂಲೇ ಆಗಿದ್ದರೆ ಅದರಲ್ಲಿ ಸೈಟ್ (ಗುರಿ ಹಿಡಿಯಲು ಆಯುಧದ ಮೇಲಿರುವ ಮುಂದಿನ, ಹಿಂದಿನ ಗುರುತು) ನೋಡುವುದನ್ನು ಕಲಿಯಿರಿ. ಟ್ರಿಗರ್ ಎಳೆಯುವುದನ್ನು ಮನೆಯಲ್ಲಿ ನಿಮ್ಮದೇ ಖಾಲಿ ರಿವಾಲ್ವರ್‌ನಲ್ಲಿ ಕಲಿಯಿರಿ.

ನಮ್ಮ ಕಾರ್ಖಾನೆಗಳ ‘ನಿಡರ್’ನಂತಹ ಪುಟ್ಟ .22 ರಿವಾಲ್ವರ್ ಜೇಬಿಗೆ ಹಗುರವೆಂದು ಮಾಡಿದ್ದು. ಅಭ್ಯಾಸಕ್ಕೆ ಅದು ನನಗೆ ಒಪ್ಪಿಗೆಯಿಲ್ಲ. ಹಿಡಿ ಚಿಕ್ಕದು, ಎರಡು ಸೈಟ್‌ಗಳ ನಡುವಿನ ಅಂತರ ಕಡಿಮೆ. ಆ ಅಂತರ 15 ಸೆಂಟಿಮೀಟರ್ ಇದ್ದಾಗ ಮುಂದಿನ ಸೈಟ್ ಒಂದು ಮಿಲಿಮೀಟರ್ ಆಚೀಚೆಯಾದರೆ 7 ಮೀಟರ್ ದೂರದ ಹಾಳೆಯಲ್ಲಿ ಗುಂಡು ಸುಮಾರು 4.7 ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತದೆ. ಅಂತರ ಅರ್ಧವಾದರೆ ತಪ್ಪು ಇಮ್ಮಡಿ. ಕಲಿಯುವವರಿಗೆ ಉದ್ದ ನಳಿಗೆಯೇ ಗುರು.

.22ರ ಸದ್ದು ಕಡಿಮೆ, ಒದೆತ ಇಲ್ಲವೆನ್ನುವಷ್ಟು, ಇದನ್ನೇ ಸೊಂಟಕ್ಕೆ ಕಟ್ಟಿಕೊಂಡರಾಯಿತಲ್ಲ ಎಂದು ಕೆಲವರಿಗೆ ಅನ್ನಿಸುತ್ತದೆ. ನನ್ನ ಸಲಹೆ ಬೇಡ ಎಂದೇ. .22ರ ತೋಟಾದಲ್ಲಿ ಕಿಡಿ ಹೊತ್ತಿಸುವ ಮದ್ದು ಅಂಚಿನ ಮಡಿಕೆಯೊಳಗೆ ಇರುತ್ತದೆ. ಅದು ಎಲ್ಲ ಕಡೆ ಸಮನಾಗಿ ಹರಡದಿದ್ದರೆ ಪಿನ್ ಬಡಿದರೂ ಈಡು ಹಾರುವುದಿಲ್ಲ. .32ರಲ್ಲಿ ಆ ಮದ್ದು ಇರುವ ಪ್ರೈಮರ್ ತೋಟಾದ ತಳದ ನಡುಮಧ್ಯದಲ್ಲಿರುತ್ತದೆ; ಅದು ಇದಕ್ಕಿಂತ ನಂಬಿಕಸ್ಥ.

ಮನೆಯಲ್ಲಿ ಖಾಲಿ ಅಭ್ಯಾಸ

ಜೀವಂತ ತೋಟಾ ಇಲ್ಲದೆ ಟ್ರಿಗರ್ ಎಳೆಯುವ ಈ ಅಭ್ಯಾಸಕ್ಕೆ ಖರ್ಚಿಲ್ಲ, ಫಲವೂ ಅತಿ ಹೆಚ್ಚು, ಅಷ್ಟೇ ಎಚ್ಚರವೂ ಬೇಕು. ತೋಟಾಗಳನ್ನು ಇನ್ನೊಂದು ಕೋಣೆಯಲ್ಲಿಟ್ಟು ಬೀಗ ಹಾಕಿ. ರಿವಾಲ್ವರ್‌ನ ಸಿಲಿಂಡರ್ ತೆರೆದು ತೋಟಾ ಕೂರುವ ಪ್ರತಿಯೊಂದು ಮನೆಯನ್ನೂ ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ. ಪಿಸ್ತೂಲಾದರೆ ಮೊದಲು ಮ್ಯಾಗಜೀನ್ ತೆಗೆದು ಆಮೇಲೆ ಸ್ಲೈಡ್ (ಹಿಂದಕ್ಕೆ ಜಾರುವ ಮೇಲ್ಭಾಗ) ಎಳೆದು ಚೇಂಬರ್ (ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗ) ನೋಡಿ. ಈ ಅನುಕ್ರಮ ತಲೆಕೆಳಗಾದರೆ ಚೇಂಬರಿನಲ್ಲಿ ತೋಟಾ ಉಳಿದುಬಿಡುತ್ತದೆ. ಹೊರಗಿನ ದಪ್ಪ ಗೋಡೆಯತ್ತ ತಿರುಗಿ ನಿಲ್ಲಿ. ಅಡುಗೆಮನೆಯ ಕಡೆಯ ಗೋಡೆ ಬೇಡ.

.22 ಆಯುಧವನ್ನು ಬರಿದೇ ಕುಟ್ಟಿಸಬಾರದು. ಅದರ ಪಿನ್ ನೇರವಾಗಿ ಚೇಂಬರಿನ ಅಂಚಿಗೆ ಬಡಿದು ಅಲ್ಲಿ ಗುಳಿ ಬೀಳಬಹುದು. ಪ್ಲಾಸ್ಟಿಕ್ಕಿನ ನಕಲಿ ತೋಟಾ ಹಾಕಿಯೇ ಟ್ರಿಗರ್ ಎಳೆಯಿರಿ.

ಗೋಡೆಯ ಮೇಲೆ ಚಿಕ್ಕ ಕಪ್ಪು ಚುಕ್ಕೆ ಇಡಿ. ದೃಷ್ಟಿ ನಿಲ್ಲಬೇಕಾದದ್ದು ಮುಂದಿನ ಸೈಟ್‌ನ ಮೇಲೆ. ಚುಕ್ಕೆ ಮಸುಕಾಗಿ ಕಂಡರೆ ಸರಿಯಾಗಿ ನೋಡುತ್ತಿದ್ದೀರಿ ಎಂದರ್ಥ. ಹ್ಯಾಮರ್ ಬೀಳುವ ಕ್ಷಣದಲ್ಲಿ ಮುಂದಿನ ಸೈಟ್ ಅಲುಗಿತೇ? ಎಡಕ್ಕೆ ಹೊರಳಿತೇ, ಕೆಳಕ್ಕೆ ಜಾರಿತೇ? ಅಷ್ಟನ್ನೇ ಗಮನಿಸಿ. ಮುಂದಿನ ಸೈಟ್‌ನ ನೆತ್ತಿಯ ಮೇಲೆ ಖಾಲಿ ತೋಟಾವೊಂದನ್ನು ಯಾರಾದರೂ ನಿಲ್ಲಿಸಿಕೊಟ್ಟರೆ, ಅದು ಬೀಳದಂತೆ ಟ್ರಿಗರ್ ಎಳೆಯಲು ಯತ್ನಿಸಿ. ದಿನಕ್ಕೆ ಹತ್ತು ನಿಮಿಷ ಸಾಕು. ಅದಕ್ಕಿಂತ ಹೆಚ್ಚಾದರೆ ಕೈ ಸೋತು, ತಪ್ಪನ್ನೇ ರೂಢಿ ಮಾಡಿಕೊಳ್ಳುತ್ತೀರಿ.

ಮುಗಿಸುವಾಗ ‘ಮುಗಿಯಿತು’ ಎಂದು ಬಾಯಿಬಿಟ್ಟು ಹೇಳಿ, ಆಯುಧವನ್ನು ಬೀಗದೊಳಗೆ ಇಡಿ. ತೋಟಾ ತುಂಬಿದ ಮೇಲೆ ‘ಇನ್ನೊಂದೇ ಒಂದು ಸಲ’ ಎಂದು ಎತ್ತುವ ಆಸೆಯಿಂದಲೇ ಗೋಡೆಗೆ ತೂತು ಬೀಳುತ್ತದೆ.

ಹಿಡಿತದ ಒಂದು ಸೂಕ್ಷ್ಮ

ಎರಡು ಆಯುಧಗಳ ನಡುವೆ ಓಡಾಡುವವರು ಇದನ್ನು ಗಮನಿಸಲೇಬೇಕು. ಪಿಸ್ತೂಲು ಹಿಡಿಯುವಾಗ ಎರಡೂ ಹೆಬ್ಬೆರಳುಗಳನ್ನು ಮುಂದಕ್ಕೆ ಚಾಚುವುದು ಈಗಿನ ಕ್ರಮ. ಅದೇ ಅಭ್ಯಾಸದಲ್ಲಿ ರಿವಾಲ್ವರ್ ಹಿಡಿದರೆ ಎಡಗೈಯ ಹೆಬ್ಬೆರಳು ಸಿಲಿಂಡರ್ ಮತ್ತು ನಳಿಗೆಯ ನಡುವಿನ ಸಂದಿನ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಈಡು ಹಾರಿದಾಗ ಆ ಸಂದಿನಿಂದ ಬೆಂಕಿಯಂತಹ ಅನಿಲವೂ ಸೀಸದ ಚೂರುಗಳೂ ಸಿಡಿಯುತ್ತವೆ. ಇನ್ನು ರಿವಾಲ್ವರ್‌ಗೆ ಒಗ್ಗಿದ ಕೆಲವರು ಎಡ ಹೆಬ್ಬೆರಳನ್ನು ಬಲಗೈಯ ಹಿಂಬದಿಗೆ ಅಡ್ಡ ಹಾಕುತ್ತಾರೆ; ಪಿಸ್ತೂಲಿನಲ್ಲಿ ಹಾಗೆ ಮಾಡಿದರೆ ಹಿಂದಕ್ಕೆ ಬರುವ ಸ್ಲೈಡ್ ಚರ್ಮ ಸೀಳುತ್ತದೆ. ಬಲ ಹೆಬ್ಬೆರಳನ್ನು ಕೆಳಕ್ಕೆ ಮಡಚಿ, ಅದರ ಮೇಲೆಯೇ ಎಡ ಹೆಬ್ಬೆರಳನ್ನು ಒತ್ತಿ ಹಿಡಿಯುವ ಕ್ರಮ ಎರಡಕ್ಕೂ ಸಲ್ಲುತ್ತದೆ. ಅದನ್ನೇ ರೂಢಿಸಿಕೊಳ್ಳಿ. ಗಾಬರಿಯ ಹೊತ್ತಿನಲ್ಲಿ ಕೈಯಲ್ಲಿರುವುದು ಯಾವುದೆಂದು ಬೆರಳುಗಳು ವಿಚಾರಿಸುವುದಿಲ್ಲ.

ರೇಂಜಿನ ಒಂದು ಬೆಳಗ್ಗೆ

ಕಿವಿಗೆ ಮಫ್, ಕಣ್ಣಿಗೆ ಕನ್ನಡಕ ಹಾಕದೆ ಈಡು ಹೊಡೆಯುವ ಗೆರೆಯ ಹತ್ತಿರಕ್ಕೂ ಹೋಗಬೇಡಿ. .22ರ ಸದ್ದು ಸಣ್ಣದೆನಿಸಿದರೂ ಪಿಸ್ತೂಲಿನ ಗಿಡ್ಡ ನಳಿಗೆಯಿಂದ ಬರುವಾಗ ಕಿವಿಗೆ ಹಾನಿ ಮಾಡುವಷ್ಟು ಜೋರಾಗಿಯೇ ಇರುತ್ತದೆ.

ಬಿಳಿ ಹಾಳೆಯ ಮೇಲೆ ಕಾಫಿ ಸಾಸರ್ ಕವುಚಿಟ್ಟು ಸುತ್ತ ಗೆರೆ ಎಳೆಯಿರಿ. 7 ಮೀಟರ್‌ಗೆ ಆ ವೃತ್ತ ಸಾಕು. ಮೊದಲು .32ರಲ್ಲಿ, ಕೈ ಪಳಗುವ ಮೊದಲೇ, ಆರು ಈಡು ಹೊಡೆಯಿರಿ. ಬಹಳ ಜನ .32ನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ, ಕೈ ಕುದುರಿದ ಮೇಲೆ ಹೊಡೆದು ಸಮಾಧಾನಪಟ್ಟು ಮನೆಗೆ ಹೋಗುತ್ತಾರೆ. ಆಪತ್ತಿನಲ್ಲಿ ನಿಮಗೆ ಸಿಗುವುದು ಪಳಗದ ಕೈಯ ಮೊದಲ ಈಡುಗಳೇ. ಆದ್ದರಿಂದ ಆ ಆರನ್ನು ಹೊಡೆದ ಹಾಳೆಗೆ ದಿನಾಂಕ ಬರೆದು ಎತ್ತಿಡಿ.

ಆಮೇಲೆ .22. ಐದೈದರ ಸುತ್ತುಗಳಾಗಿ ನಿಧಾನವಾಗಿ ಹೊಡೆಯಿರಿ. 5 ಮೀಟರ್‌ನಲ್ಲಿ ಐದೂ ತೂತುಗಳು ವೃತ್ತದ ನಡುವೆ ಒಂದನ್ನೊಂದು ಮುಟ್ಟುವಷ್ಟು ಹತ್ತಿರ ಬಂದ ಮೇಲೆ 7ಕ್ಕೆ ಹೋಗಿ, ಅಲ್ಲಿಂದ 10ಕ್ಕೆ, 15ಕ್ಕೆ. ಗುಂಪು ಒಡೆದರೆ ಹಿಂದಿನ ದೂರಕ್ಕೆ ಮರಳಿ. ಅಂದಿಗೆ ಐವತ್ತು ಈಡು ಸಾಕು. ಅವುಗಳಲ್ಲಿ ಕಾಲುಭಾಗವನ್ನು ಬಲಗೈ ಒಂದರಲ್ಲಿಯೇ, ಸ್ವಲ್ಪವನ್ನು ಎಡಗೈ ಒಂದರಲ್ಲಿಯೇ ಹೊಡೆಯಿರಿ. ಒಂದು ಕೈಯಲ್ಲಿ ಟಾರ್ಚ್ ಹಿಡಿದು ಜಗಲಿಗೆ ಬರುವವರಿಗೆ ಇದು ಬೇಕೇ ಬೇಕು. ಕೊನೆಗೆ ಮತ್ತೆ .32ರಲ್ಲಿ ಆರು. ಮೊದಲಿನ ಹಾಳೆಯ ಪಕ್ಕದಲ್ಲಿಟ್ಟು ನೋಡಿ.

.22ರ ಗುಂಡಿನ ತೂಕ ಸುಮಾರು 2.6 ಗ್ರಾಂ, .32 ಲಾಂಗ್‌ನದು 6.35 ಗ್ರಾಂ. ಒದೆತದಲ್ಲಿ ವ್ಯತ್ಯಾಸ ಕಂಡೇ ಕಾಣುತ್ತದೆ. ಹಾಗಾಗಿ .22ರಲ್ಲಿ ಬಲು ವೇಗವಾಗಿ ಹೊಡೆದು ಹಿಗ್ಗಬೇಡಿ, ಆ ವೇಗ .32ಕ್ಕೆ ಬರುವುದಿಲ್ಲ. ಟ್ರಿಗರ್, ಸೈಟ್ ಮತ್ತು ಹಿಡಿತ ಬರುತ್ತವೆ.

ಬೆಚ್ಚುವುದನ್ನು ಹಿಡಿಯುವ ಬಗೆ

ಬಲಗೈಯವರ ಈಡುಗಳು ಎಡಕ್ಕೆ ಕೆಳಗೆ ಬೀಳುತ್ತಿದ್ದರೆ ಸಾಮಾನ್ಯವಾಗಿ ಸೈಟ್‌ಗಳ ದೋಷವಲ್ಲ. ಸದ್ದು ಬರುವ ಮೊದಲೇ ಮೈ ಬೆಚ್ಚಿ, ಮುಷ್ಟಿ ಬಿಗಿದು, ನಳಿಗೆಯನ್ನು ಕೆಳಕ್ಕೆ ಒತ್ತುತ್ತಿದೆ. ಹೊಡೆಯುವವರಿಗೆ ಇದು ಗೊತ್ತಾಗುವುದಿಲ್ಲ, ಏಕೆಂದರೆ ಒದೆತ ಬಂದು ಎಲ್ಲವನ್ನೂ ಮುಚ್ಚಿಬಿಡುತ್ತದೆ.

ಅದನ್ನು ಬಯಲು ಮಾಡಲು ರಿವಾಲ್ವರ್‌ಗಿಂತ ಒಳ್ಳೆಯ ಸಾಧನವಿಲ್ಲ. ಆರು ಮನೆಗಳಲ್ಲಿ ಮೂರಕ್ಕೆ ಜೀವಂತ ತೋಟಾ, ಮೂರಕ್ಕೆ ಹಾರಿದ ಖಾಲಿ ತೋಟಾ ಹಾಕಿ. ನಳಿಗೆಯನ್ನು ಗುರಿಯ ದಿಕ್ಕಿಗೇ ಇಟ್ಟುಕೊಂಡು, ಸಿಲಿಂಡರ್ ನೋಡದೆ ತಿರುಗಿಸಿ ಮುಚ್ಚಿ. ಈಗ ಮುಂದಿನದು ಹಾರುತ್ತದೆಯೋ ಇಲ್ಲವೋ ನಿಮಗೂ ಗೊತ್ತಿಲ್ಲ. ಹೊಡೆಯಿರಿ. ಖಾಲಿ ಮನೆಯ ಮೇಲೆ ಹ್ಯಾಮರ್ ಬಿದ್ದು ‘ಟಕ್’ ಎಂದಾಗ ಮುಂದಿನ ಸೈಟ್ ಹೇಗೆ ನೆಲದ ಕಡೆಗೆ ಬಾಗುತ್ತದೆ ಎಂಬುದು ಹಗಲಿನಷ್ಟು ಸ್ಪಷ್ಟವಾಗಿ ಕಾಣುತ್ತದೆ. ಪಕ್ಕದಲ್ಲಿ ನಿಂತವರಿಗೂ ಕಾಣುತ್ತದೆ. ಎಷ್ಟೋ ವರ್ಷಗಳಿಂದ ಕೋವಿ ಹಿಡಿದ ಹಿರಿಯರ ಕೈಯೂ ಇದರಲ್ಲಿ ಬಾಗುವುದನ್ನು ಕಂಡಿದ್ದೇನೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಕೈ ಬಾಗಿದ್ದು ಕಂಡ ಕೂಡಲೇ .32 ಕೆಳಗಿಟ್ಟು .22 ಎತ್ತಿಕೊಳ್ಳಿ. ಹತ್ತು ಈಡು, ತೀರಾ ನಿಧಾನವಾಗಿ, ಯಾವಾಗ ಹಾರಿತೆಂದು ನಿಮಗೇ ಅಚ್ಚರಿಯಾಗುವಂತೆ ಟ್ರಿಗರ್ ಎಳೆಯಿರಿ. ಮತ್ತೆ .32ಕ್ಕೆ ಬಂದು ಮೂರು ತುಂಬಿದ, ಮೂರು ಖಾಲಿ ಕ್ರಮವನ್ನೇ ನಡೆಸಿ. ನನ್ನ ಮಟ್ಟಿಗೆ ಸಣ್ಣ ಕ್ಯಾಲಿಬರ್ ಇಟ್ಟುಕೊಳ್ಳುವುದರ ಸಾರ್ಥಕತೆ ಇರುವುದು ಈ ಅದಲುಬದಲಿನಲ್ಲಿಯೇ.

ಈಡು ಹಾರದಿದ್ದಾಗ

.22ರಲ್ಲಿ ಇದು ಆಗುತ್ತಿರುತ್ತದೆ. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು 30 ಸೆಕೆಂಡ್ ಕಾಯಿರಿ. ಮದ್ದು ತಡವಾಗಿ ಹೊತ್ತಬಹುದು. ಬಳಿಕ ತೋಟಾ ತೆಗೆದು, ಅಂಚಿನಲ್ಲಿ ಪಿನ್ ಬಡಿದ ಗುರುತನ್ನು ಬೇರೆ ಕಡೆಗೆ ತಿರುಗಿಸಿ ಇನ್ನೊಮ್ಮೆ ಹಾಕಿದರೆ ಹೆಚ್ಚಿನ ಸಲ ಹಾರುತ್ತದೆ. ಆದರೆ ಸದ್ದು ಎಂದಿಗಿಂತ ಸಪ್ಪೆಯಾಗಿ ‘ಪುಸ್’ ಎಂದು ಕೇಳಿಸಿದರೆ ಮುಂದಿನ ಈಡು ಹೊಡೆಯಲೇಬೇಡಿ. ಗುಂಡು ನಳಿಗೆಯಲ್ಲಿ ಸಿಕ್ಕಿಕೊಂಡಿರಬಹುದು. ಆಯುಧ ಖಾಲಿ ಮಾಡಿ, ನಳಿಗೆಯ ಮೂಲಕ ಬೆಳಕು ಕಾಣುತ್ತದೆಯೇ ಎಂದು ಹಿಂದಿನಿಂದ ನೋಡಿ.

.32 ಎಂದು ಬರೆದದ್ದೆಲ್ಲ ಒಂದೇ ಅಲ್ಲ ಎಂಬುದನ್ನೂ ನೆನಪಿಡಿ. ಪಿಸ್ತೂಲಿನ .32 ಎಸಿಪಿ ಬೇರೆ, ರಿವಾಲ್ವರ್‌ನ .32 ಲಾಂಗ್ ಬೇರೆ. ಒಂದರದು ಇನ್ನೊಂದರೊಳಗೆ ಕೂರುವಂತೆ ಕಂಡರೂ ಹಾಕಬಾರದು.

ಏರ್ ಪಿಸ್ತೂಲು: ಮಳೆಗಾಲದ ಮತ್ತು ಚುನಾವಣೆಯ ಗೆಳೆಯ

ಚುನಾವಣೆಯ ಹೆಸರಿನಲ್ಲಿ ಆಯುಧಗಳು ವಾರಗಟ್ಟಲೆ ಠಾಣೆಯಲ್ಲಿ ಕೂರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರೇಂಜಿನ ದಾರಿಯೇ ಬೇಡವೆನಿಸುತ್ತದೆ. ಆಗ ಏರ್ ಪಿಸ್ತೂಲಿನಲ್ಲಿ ಅಭ್ಯಾಸ ಬಿಡದೆ ನಡೆಯುತ್ತದೆ. ಒಲಿಂಪಿಕ್ಸ್‌ನ ದೂರ 10 ಮೀಟರ್. ಅಡಿಕೆ ಬೇಯಿಸುವ ಶೆಡ್ ಖಾಲಿ ಇರುವ ಕಾಲದಲ್ಲಿ ಅಷ್ಟು ಉದ್ದ ಸಿಗುತ್ತದೆ. ಗುರಿಯ ಹಿಂದೆ ಹಳೆಯ ಕಂಬಳಿ, ಬಟ್ಟೆ ಒತ್ತಾಗಿ ತುಂಬಿದ ಮರದ ಪೆಟ್ಟಿಗೆ ಇಡಿ. ಬರಿಯ ಹಲಗೆಯಿಂದ ಪೆಲೆಟ್ (ಏರ್ ಪಿಸ್ತೂಲಿನ ಗುಂಡು) ಹಿಂದಕ್ಕೆ ಚಿಮ್ಮುತ್ತದೆ, ಕನ್ನಡಕ ಇಲ್ಲಿಯೂ ಬೇಕು. ಗುರಿಯ ಹಿಂದೆ ಬಾಗಿಲು ಇರಬಾರದು. ಮಂಗ, ಹಕ್ಕಿಗಳ ಕಡೆಗೆ ಅದನ್ನು ಎತ್ತುವುದು ಅಭ್ಯಾಸವಲ್ಲ. ವನ್ಯಜೀವಿಗೆ ತಗುಲಿದರೆ 1972ರ ವನ್ಯಜೀವಿ ಕಾಯ್ದೆಯ ಕೆಳಗೆ ಅಪರಾಧವಾಗುತ್ತದೆ.

ಠಾಣೆಯಿಂದ ಆಯುಧ ಮರಳಿ ಬಂದಾಗ ತೋಟಾ ಹಾಕುವ ಮೊದಲು ನಳಿಗೆಯೊಳಗೆ ನೋಡಿ. ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಲು ಹುಡುಕುವುದು ಅಂತಹ ರಂಧ್ರಗಳನ್ನೇ.

ಅಭ್ಯಾಸ ಮುಗಿದ ಮೇಲೆ

ತಣ್ಣೀರು ಮತ್ತು ಸೋಪಿನಿಂದ ಕೈ, ಮುಖ ತೊಳೆಯದೆ ಕವಳ ಹಾಕಬೇಡಿ, ಮಗುವನ್ನು ಎತ್ತಿಕೊಳ್ಳಬೇಡಿ. .22ರಲ್ಲಿ ಸೀಸದ ಪುಡಿ ಕೈಗೆ ಅಂಟುತ್ತದೆ. ಅಂದೇ ರಾತ್ರಿ ಎರಡೂ ಆಯುಧಗಳನ್ನು ಸ್ವಚ್ಛ ಮಾಡಿ. .22ರ ತೋಟಾದ ಮೇಣ ಮತ್ತು ಮಸಿ ಚೇಂಬರಿನಲ್ಲಿ ಕಟ್ಟಿಕೊಂಡರೆ ಮುಂದಿನ ಸಲ ತೋಟಾ ಪೂರ್ತಿ ಒಳಗೆ ಕೂರುವುದಿಲ್ಲ.

ಒರೆಸಲು ಕೊಬ್ಬರಿ ಎಣ್ಣೆ ಬೇಡ. 24 ಡಿಗ್ರಿಯ ಆಸುಪಾಸಿನಲ್ಲಿಯೇ ಅದು ಹೆಪ್ಪುಗಟ್ಟುತ್ತದೆ, ನಮ್ಮ ಮಾಗಿಯ ಮುಂಜಾವಿಗೆ ಟ್ರಿಗರ್ ಒಳಗೆ ಗಟ್ಟಿಯಾಗಿ ಕೂರುತ್ತದೆ. ತೆಳುವಾದ ಗನ್ ಎಣ್ಣೆ ಸಾಕು, ಅದೂ ಬಟ್ಟೆಗೆ ತಾಗಿಸಿ ಒರೆಸುವಷ್ಟೇ. ಚರ್ಮದ ಹೋಲ್‌ಸ್ಟರ್‌ನಲ್ಲಿ ಆಯುಧ ಇಟ್ಟು ಬೀಗ ಹಾಕಬೇಡಿ. ಆಗುಂಬೆಯ ಸುತ್ತಿನ ಮಳೆಯಲ್ಲಿ ಚರ್ಮ ತೇವ ಹೀರಿ ಎರಡೇ ವಾರದಲ್ಲಿ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಡಿ, ಪೊಟ್ಟಣ ಬಣ್ಣ ಬದಲಿಸಿದಾಗ ಒಣಗಿಸಿ ಮತ್ತೆ ಬಳಸಿ. ಹಿತ್ತಾಳೆಗೆ ಹಸಿರು ಕಿಲುಬು ಬಂದ ತೋಟಾಗಳನ್ನು ಒರೆಸಿ ಹೊಳಪು ಮಾಡಿ ಬಳಸುವ ಬದಲು ಬೇರೆಯಾಗಿ ತೆಗೆದಿಟ್ಟು ಡೀಲರ್‌ಗೆ ತೋರಿಸಿ. ಉಳಿದವುಗಳಲ್ಲಿ ಹಳೆಯದನ್ನು ಮುಂದಿನ ಅಭ್ಯಾಸಕ್ಕೆ ತೆಗೆದಿಡಿ, ಹೊಸದನ್ನು ಸೊಂಟದ ಆಯುಧಕ್ಕೆ ತುಂಬಿ.